ಬೇಲಿ ದಾಟಿದ ನೀರು

ಮೂಡಿಗೆರೆ, ಕಳಸದ ಬೆಟ್ಟಗಳಲ್ಲಿ ಕಾಫಿಯ ಕೊಯ್ಲು ನಡೆಯುವುದು ಹಳ್ಳಗಳು ಸೊರಗುವ ಕಾಲದಲ್ಲಿಯೇ. ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರಿನಿಂದ ಹೊರಬೀಳುವ ಲೋಳೆನೀರಿನಲ್ಲಿ ವಿಷವೆಲ್ಲಿದೆ, ಇರುವುದು ಹಣ್ಣಿನ ಸಿಹಿಯಷ್ಟೇ ಅಲ್ಲವೇ ಎಂದು ವಾದಿಸುವವರುಂಟು. ಆ ಸಿಹಿಯೇ ಹುಳಿತು ನೀರಿನ ಪ್ರಾಣವಾಯುವನ್ನು ಹೀರುತ್ತದೆ. ಮೀನುಗಳು ಸಾಯುತ್ತವೆ, ಹಳ್ಳದ ಕೆಳಗಿನವರ ಕೊಡ ನಾರುತ್ತದೆ.

ಬೇಲಿ ದಾಟಿದ ನೀರಿನ ಹೊಣೆ ಯಾರದು? 1974ರ ಜಲಮಾಲಿನ್ಯ ಕಾಯಿದೆ ಅದನ್ನು ಹರಿಯಬಿಟ್ಟವನ ಮೇಲೆಯೇ ಹೊರಿಸಿದೆ. ಆದರೆ ಅಧಿಕಾರಿ ಬರುವ ದಿನ ಮಾತ್ರ ಶುದ್ಧವಾಗುವುದನ್ನು ಕಾಯಕವೆನ್ನಲು ನನ್ನ ಮನಸ್ಸು ಒಪ್ಪದು.

ಅದೇ ನೀರನ್ನು ಪಲ್ಪರಿಗೆ ಮರಳಿ ಬಳಸಿದರೆ ಕೊಳೆನೀರಿನ ಮೊತ್ತವೇ ತಗ್ಗುವುದು. ಉಳಿದುದಕ್ಕೆ ಸುಣ್ಣ ಬೆರೆಸಿ ಹುಳಿ ಕಳೆದು, ಹೊಂಡಗಳಲ್ಲಿ ನಿಲ್ಲಿಸಿ, ಗಾಳಿಯೂಡಿಸಿ ತೋಟಕ್ಕೇ ಹಾಯಿಸಬಹುದು. ಸಣ್ಣ ಬೆಳೆಗಾರನಿಗೆ ಈ ವೆಚ್ಚ ಭಾರ, ನಿಜ. ಹತ್ತು ಮನೆಯವರು ಕೂಡಿ ಒಂದು ಪಲ್ಪರು, ಒಂದು ಹೊಂಡ ಇಟ್ಟುಕೊಳ್ಳಬಾರದೇಕೆ? ಹಣ್ಣನ್ನು ಸಿಪ್ಪೆಸಹಿತ ಕಣದಲ್ಲೊಣಗಿಸಿ ಚೆರ್ರಿಯಾಗಿ ಮಾರುವ ದಾರಿಯೂ ಉಂಟು. ಬೆಲೆ ಕೊಂಚ ತಗ್ಗೀತು.