ಬೇರೆ ಲೋಟ

ನಮ್ಮ ಅಜ್ಜಿ ಮನೆಯ ಜಗಲಿಯಲ್ಲಿ, ಕಂಬದ ಪಕ್ಕದ ಗೂಡಿನಲ್ಲಿ ಒಂದು ಸ್ಟೀಲ್ ಲೋಟ ಇರುತ್ತಿತ್ತು. ಅಂಚು ನೆಗ್ಗಿದ ಲೋಟ. ಅದನ್ನು ಒಳಗಿನ ಪಾತ್ರೆಗಳ ಜೊತೆ ಬೆರೆಸುವಂತಿರಲಿಲ್ಲ. ಕಾಫಿ ಹೊತ್ತಿಗೆ ಅಜ್ಜಿ ಚೊಂಬು ಹಿಡಿದುಕೊಂಡು ಬಂದು, ಒಂದು ಗೇಣು ಮೇಲಿಂದ ಆ ಲೋಟಕ್ಕೆ ಸುರಿಯುತ್ತಿದ್ದಳು. ಅದು ನನ್ನ ಸೋದರಮಾವನ ಲೋಟ. ಅಜ್ಜಿಯ ಕೊನೇ ಮಗ ಅವನು.

ಅದು 1997. ನನಗೆ ಏಳು ವರ್ಷ. ಮಾವನಿಗೆ ಏನಾಗಿದೆ ಅಂತ ಯಾರೂ ಹೆಸರು ಹಿಡಿದು ಹೇಳ್ತಿರಲಿಲ್ಲ. "ಅವುನ್ಗೆ ಕೆಮ್ಮು" ಅಂತಷ್ಟೇ. ಅವನ ಚಾಪೆ ನಡುಮನೆಯಿಂದ ಕೊಟ್ಟಿಗೆ ಪಕ್ಕದ ಕೋಣೆಗೆ ಹೋಯ್ತು. ಒಂದು ದಿನ ಆಟ ಆಡಿ ಓಡಿ ಬಂದವನು ಬಾಯಾರಿಕೆಗೆ ಆ ಲೋಟದಲ್ಲೇ ನೀರು ಕುಡಿದುಬಿಟ್ಟೆ. ಅಜ್ಜಿ ಜೀವನದಲ್ಲಿ ನನಗೆ ಹೊಡೆದದ್ದು ಅದೊಂದೇ ಸಲ. ಹೊಡೆದು, ಬಾಯಿಗೆ ಉಪ್ಪುನೀರು ಹಾಕಿ ಮುಕ್ಕಳಿಸಿಸಿ, ಆಮೇಲೆ ಹಿತ್ತಲಲ್ಲಿ ಕೂತು ತಾನೇ ಅತ್ತಳು.

ಇದೆಲ್ಲ ಈಗ ಯಾಕೆ ಅಂದ್ರೆ, ಇಪ್ಪತ್ತೊಂದು ವರ್ಷ ಆದ ಮೇಲೆ, 2018ರಲ್ಲಿ, ಬೆಂಗಳೂರಿನಲ್ಲಿ ನನಗೂ ಅದೇ ಕೆಮ್ಮು ಬಂತು. ಅಂದಿನಿಂದ ಒಂದು ಪ್ರಶ್ನೆ ನನ್ನ ಬಿಟ್ಟಿಲ್ಲ. ಒಬ್ಬರಿಂದ ಒಬ್ಬರಿಗೆ ರೋಗ ದಾಟಿದಾಗ ತಪ್ಪು ಯಾರದ್ದು?

ಮೊದಲು ಅದು ದಾಟೋದು ಹೇಗೆ ಅಂತ ನೋಡೋಣ. ಕ್ಷಯದ ಬ್ಯಾಕ್ಟೀರಿಯಾವನ್ನು ರಾಬರ್ಟ್ ಕಾಖ್ ಬರ್ಲಿನ್ನಿನಲ್ಲಿ ಲೋಕಕ್ಕೆ ತೋರಿಸಿದ್ದು 1882ರ ಮಾರ್ಚ್ 24ರಂದು. ಶ್ವಾಸಕೋಶದಲ್ಲಿ ಕ್ಷಯ ಇರುವವರು ಕೆಮ್ಮಿದಾಗ, ಜೋರಾಗಿ ಮಾತಾಡಿದಾಗ, ಹಾಡಿದಾಗ ಸಣ್ಣ ಹನಿಗಳು ಹೊರಗೆ ಬರ್ತಾವೆ. ದೊಡ್ಡ ಹನಿ ನೆಲಕ್ಕೆ ಬೀಳುತ್ತೆ. ತೀರಾ ಸಣ್ಣವು ಗಾಳಿಯಲ್ಲೇ ಒಣಗಿ, ಮುಚ್ಚಿದ ಕೋಣೆಯಲ್ಲಿ ಗಂಟೆಗಟ್ಟಲೆ ತೇಲುತ್ತವೆ. ಅದೇ ಕೋಣೆಯಲ್ಲಿ ಉಸಿರಾಡಿದವರ ಶ್ವಾಸಕೋಶದ ಕೊನೆಯ ಗಾಳಿಚೀಲದವರೆಗೆ ಹೋಗುವಷ್ಟು ಸಣ್ಣವು ಅವು. ಕಿಟಕಿ ತೆಗೆದರೆ ಚದುರಿ ಹೋಗ್ತಾವೆ, ಬಿಸಿಲು ಬಿದ್ದರೆ ಸಾಯ್ತಾವೆ. ಲೋಟದಿಂದ, ತಟ್ಟೆಯಿಂದ, ಕೈ ಮುಟ್ಟೋದರಿಂದ ಕ್ಷಯ ಹರಡೋದಿಲ್ಲ.

ಅಂದ್ರೆ ಅವತ್ತು ಅಜ್ಜಿ ಹೊಡೆದದ್ದು ಸುಮ್ಮನೆ. ಆದರೆ ಅದಕ್ಕೂ ಮೊದಲಿನ ಮಳೆಗಾಲದಲ್ಲಿ, ಇನ್ನೂ ಯಾರಿಗೂ ಕಾಯಿಲೆ ಗೊತ್ತಿಲ್ಲದಾಗ, ಬಾಗಿಲು ಮುಚ್ಚಿದ ನಡುಮನೆಯಲ್ಲಿ ಒಂದೇ ಕಂಬಳಿ ಹೊದ್ದು ಮಾವ ನನಗೆ ದಿನಾ ಕಥೆ ಹೇಳ್ತಿದ್ದ. ಮಧ್ಯೆ ಮಧ್ಯೆ ಕೆಮ್ಮುತ್ತಿದ್ದ. ಅವಾಗ ಯಾರೂ ಹೊಡೆಯಲಿಲ್ಲ.

ಒಳಗೆ ಹೋದ ಮೇಲೆ ನಡೆಯೋದು ಇನ್ನೂ ವಿಚಿತ್ರ. ನಮ್ಮ ದೇಹದ ಕಾವಲು ಕೋಶ, ಮ್ಯಾಕ್ರೋಫೇಜ್, ಬ್ಯಾಕ್ಟೀರಿಯಾವನ್ನು ನುಂಗುತ್ತೆ. ಬೇರೆ ಬ್ಯಾಕ್ಟೀರಿಯಾ ಆಗಿದ್ದರೆ ಅಲ್ಲಿಗೆ ಕಥೆ ಮುಗೀತಿತ್ತು. ಇದಕ್ಕೆ ಮೇಣದಂಥ ದಪ್ಪ ಹೊದಿಕೆ ಇದೆ, ಜೀರ್ಣ ಆಗದೆ ನುಂಗಿದವನ ಹೊಟ್ಟೆಯಲ್ಲೇ ಸಂಸಾರ ಹೂಡುತ್ತೆ. ಸೋಲಿಸೋಕೆ ಆಗದಿದ್ದಾಗ ದೇಹ ಇನ್ನೊಂದು ಉಪಾಯ ಮಾಡುತ್ತೆ. ಕೋಶಗಳನ್ನು ಸುತ್ತ ಜೋಡಿಸಿ ಒಂದು ಗೋಡೆ ಕಟ್ಟಿ ಅದನ್ನು ಒಳಗೆ ಕೂಡಿಹಾಕುತ್ತೆ. ಗ್ರಾನ್ಯುಲೋಮಾ ಅಂತಾರೆ ಅದನ್ನ. ಗೋಡೆ ಗಟ್ಟಿಯಾಗಿ ಇರೋವರೆಗೂ ಮನುಷ್ಯ ಆರೋಗ್ಯವಾಗಿರ್ತಾನೆ, ಯಾರಿಗೂ ಹರಡೋದೂ ಇಲ್ಲ. ಪ್ರಪಂಚದ ಜನಸಂಖ್ಯೆಯ ಸುಮಾರು ನಾಲ್ಕನೇ ಒಂದು ಭಾಗದಷ್ಟು ಮಂದಿಗೆ ಈ ಸೋಂಕು ತಗುಲಿದೆ ಅನ್ನೋದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅವರಲ್ಲಿ ನೂರಕ್ಕೆ ಐದರಿಂದ ಹತ್ತು ಜನಕ್ಕೆ ಮಾತ್ರ ಮುಂದೆ ಎಂದಾದರೂ ಕಾಯಿಲೆ ಆಗುತ್ತೆ. ಊಟ ಸಾಲದಾಗ, ಸಕ್ಕರೆ ಕಾಯಿಲೆ ಬಂದಾಗ, ಎಚ್‌ಐವಿ ಇದ್ದಾಗ, ವಯಸ್ಸಾದಾಗ ಗೋಡೆ ಬಿರುಕು ಬಿಡುತ್ತೆ. ಅದು ಸೋಂಕು ತಗುಲಿದ ಎರಡು ವರ್ಷಕ್ಕೂ ಆಗಬಹುದು, ಮೂವತ್ತು ವರ್ಷಕ್ಕೂ ಆಗಬಹುದು. ಆಮೇಲೆ ಸಂಜೆ ಜ್ವರ, ರಾತ್ರಿ ಬೆವರು, ತೂಕ ಇಳಿಯೋದು, ಶ್ವಾಸಕೋಶ ಒಳಗೊಳಗೇ ಕರಗೋದು. ಕ್ಷಯ ಅಂದ್ರೇನೇ ಸವೆಯೋದು.

ಹಾಗಾದ್ರೆ ನನಗೆ ಕೊಟ್ಟವರು ಯಾರು? ಮಾವನಾ? ಇರಬಹುದು. ಬಿಎಂಟಿಸಿ ಬಸ್ಸಿನಲ್ಲಿ ಪಕ್ಕ ನಿಂತವರಾ? ಆಫೀಸಿನ ಕಿಟಕಿಯೇ ಇಲ್ಲದ ಮೀಟಿಂಗ್ ರೂಮಾ? ಜಗತ್ತಿನ ಕ್ಷಯ ರೋಗಿಗಳಲ್ಲಿ ನಾಲ್ಕನೇ ಒಂದು ಭಾಗ ಇರೋ ದೇಶದಲ್ಲಿ ಈ ಪ್ರಶ್ನೆಗೆ ಉತ್ತರ ಹುಡುಕೋದು ದಂಡ. ಡಾಕ್ಟರ್ ನಕ್ಕು, "ಅದನ್ನ ಹುಡುಕಿ ಏನ್ ಮಾಡ್ತೀರಾ, ಮಾತ್ರೆ ತಗೊಳ್ಳಿ" ಅಂದ್ರು.

ಆದ್ರೆ ನಾನು ಯಾರಿಗೆ ಕೊಟ್ಟೆ ಅನ್ನೋ ಪ್ರಶ್ನೆಯನ್ನ ಅಷ್ಟು ಸುಲಭವಾಗಿ ತಳ್ಳಿಹಾಕೋಕೆ ಆಗಲಿಲ್ಲ.

ಪಿಜಿಯಲ್ಲಿ ಒಂದು ರೂಮಿಗೆ ಮೂವರು. ಸೊಳ್ಳೆ ಬರುತ್ತೆ ಅಂತ ಕಿಟಕಿ ಸದಾ ಮುಚ್ಚಿರುತ್ತಿತ್ತು. ಐದು ವಾರ ಕೆಮ್ಮಿದೆ. ಧೂಳು, ಎಸಿ, ಹವಾಮಾನ ಅಂತ ಸಿರಪ್ ಕುಡಿದೆ. ಕಫ ಪರೀಕ್ಷೆಯಲ್ಲಿ ಪಾಸಿಟಿವ್ ಬಂದಾಗ ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ, "ಮನೇಲಿ ಯಾರಿಗಾದ್ರೂ ಇತ್ತಾ?" "ಇಲ್ಲ ಸರ್" ಅಂದೆ. ನಾನೇನು ಯೋಚನೆ ಮಾಡಿ ಹೇಳಿದ ಸುಳ್ಳಲ್ಲ ಅದು. ತಾನಾಗೇ ಬಾಯಿಗೆ ಬಂತು. ಆಮೇಲೆ ಆರೋಗ್ಯ ಇಲಾಖೆಯಿಂದ ಒಬ್ಬರು ಫೋನ್ ಮಾಡಿ, ಜೊತೆಗಿರುವವರನ್ನೂ ಪರೀಕ್ಷೆ ಮಾಡಬೇಕು, ಯಾರ್ಯಾರಿದ್ದಾರೆ ಅಂದ್ರು. "ಒಬ್ನೇ ಇರೋದು" ಅಂದೆ. ರೂಮಿನವರಿಗೆ ಟೈಫಾಯ್ಡ್ ಅಂದೆ. ರಿಫಾಂಪಿಸಿನ್ ಮಾತ್ರೆಗೆ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತೆ. ಯಾರಿಗೂ ಕಾಣಬಾರದು ಅಂತ ಬಾತ್‌ರೂಮಿಗೆ ಎರಡೆರಡು ಬಕೆಟ್ ನೀರು ಸುರಿಯುತ್ತಿದ್ದೆ.

ರೂಮ್‌ಮೇಟ್ ಒಬ್ಬನಿಗೆ ಆಗಷ್ಟೇ ಹೆಣ್ಣುಮಗು ಹುಟ್ಟಿತ್ತು. ಹೆಂಡತಿ ಬಾಣಂತನಕ್ಕೆ ತವರಿಗೆ ಹೋಗಿದ್ದಳು. ನಾನು ಮಾತ್ರೆ ಶುರು ಮಾಡಿದ ಎರಡನೇ ವಾರ ಅವನು ಮಗು ನೋಡೋಕೆ ಹೊರಟ. ಪುಟ್ಟ ಸ್ವೆಟರ್ ಒಂದನ್ನು ಕೊಂಡು ತಂದಿದ್ದ, ನನಗೂ ತೋರಿಸಿದ. ನಾನು "ಚೆನ್ನಾಗಿದೆ ಕಣೋ" ಅಂದೆ. ಅಷ್ಟೇ ಅಂದೆ. ಅವನನ್ನು ತಡೆದು, "ಹೋಗೋ ಮುಂಚೆ ಒಂದು ಎಕ್ಸ್‌ರೇ ಮಾಡಿಸ್ಕೋ" ಅನ್ನೋಕೆ ನನ್ನ ಹತ್ತಿರ ಇಡೀ ಒಂದು ಸಂಜೆ ಇತ್ತು.

ಅವನು ವಾಪಸ್ ಬಂದ ಮೇಲೆ, ಒಟ್ಟು ಹತ್ತೊಂಬತ್ತು ದಿನ ಕಳೆದ ಮೇಲೆ, ಹೇಳಿದೆ. ಅವನು ಏನೂ ಮಾತಾಡಲಿಲ್ಲ. ಮಾರನೇ ದಿನ ಹಾಸಿಗೆ ಸುತ್ತಿಕೊಂಡು ಬೇರೆ ರೂಮಿಗೆ ಹೋದ. ಪರೀಕ್ಷೆಯಲ್ಲಿ ಅವನಿಗಾಗಲೀ ಮಗುವಿಗಾಗಲೀ ಏನೂ ಇರಲಿಲ್ಲ. ಸೋಂಕು ತಗುಲಿದ ಕೂಡಲೇ ಯಾರೂ ಇನ್ನೊಬ್ಬರಿಗೆ ದಾಟಿಸೋದಿಲ್ಲ, ಕಾಯಿಲೆ ಏಳೋಕೆ ವಾರಗಳು, ತಿಂಗಳುಗಳು ಬೇಕು ಅಂತ ನಾನು ಆಮೇಲೆ ಓದಿ ತಿಳ್ಕೊಂಡೆ. ಆದ್ರೆ ಅವನು ಸ್ವೆಟರ್ ತೋರಿಸಿದ ಸಂಜೆ ನನಗೆ ಅದು ಗೊತ್ತಿರಲಿಲ್ಲ. ಗೊತ್ತಿಲ್ಲದೆಯೇ ಸುಮ್ಮನಿದ್ದೆ. ಮಗುವಿಗೆ ಏನೂ ಆಗಲಿಲ್ಲ ಅನ್ನೋದು ನನ್ನ ಅದೃಷ್ಟ. ಅದನ್ನ ನನ್ನ ಒಳ್ಳೆತನದ ಲೆಕ್ಕಕ್ಕೆ ಬರೆದುಕೊಳ್ಳೋಕೆ ಬರೋದಿಲ್ಲ.

ಹಾಗಾಗಿ ನನ್ನ ಮಟ್ಟಿಗೆ ಅರ್ಧ ಉತ್ತರ ಸಿಕ್ಕಿದೆ. ಉಸಿರಾಡಿದ್ದು ತಪ್ಪಲ್ಲ. ಗೊತ್ತಿಲ್ಲದೆ ಕೆಮ್ಮಿದ್ದೂ ತಪ್ಪಲ್ಲ. ಗೊತ್ತಾದ ಮೇಲೆ ಬಾಯಿ ಮುಚ್ಚಿಕೊಂಡಿದ್ದು ತಪ್ಪು. ಇದನ್ನ ಬೇರೆ ಯಾರ ತಲೆ ಮೇಲೂ ಹಾಕೋಕೆ ಆಗಲ್ಲ.

ಉಳಿದ ಅರ್ಧ ಆ ಲೋಟದಲ್ಲಿದೆ. ನಾನು ಯಾಕೆ ಮುಚ್ಚಿಟ್ಟೆ? ಓದಿದವನು, ಬಿಇ ಮಾಡಿದವನು. ಟಿಬಿ ವಾಸಿಯಾಗುತ್ತೆ ಅಂತ ಗೊತ್ತಿತ್ತು. ಆದ್ರೆ ಏಳನೇ ವರ್ಷದಲ್ಲಿ ನಾನು ಕಲಿತಿದ್ದ ಪಾಠ ಬೇರೆ: ಈ ಕಾಯಿಲೆ ಗೊತ್ತಾದ ದಿನ ನಿನ್ನ ಚಾಪೆ ಕೊಟ್ಟಿಗೆಗೆ ಹೋಗುತ್ತೆ. ಮಾವನೂ ಅದಕ್ಕೇ ಸೋತದ್ದು. ತಾಲ್ಲೂಕು ಆಸ್ಪತ್ರೆಗೆ ಹೋಗೋ ಬಸ್ಸಿನಲ್ಲಿ ಎಲ್ಲರಿಗೂ ಇವನು ಯಾಕೆ ಹೋಗ್ತಾನೆ ಅಂತ ಗೊತ್ತಿರುತ್ತಿತ್ತು. ಪಕ್ಕದ ಸೀಟು ಖಾಲಿ ಉಳೀತಿತ್ತು. ಮೂರು ತಿಂಗಳಿಗೆ ಕೆಮ್ಮು ಕಡಿಮೆಯಾಯ್ತು, ಹೋಗೋದು ಬಿಟ್ಟ. ಈ ಬ್ಯಾಕ್ಟೀರಿಯಾ ಎಷ್ಟು ನಿಧಾನ ಅಂದ್ರೆ, ನಮ್ಮ ಕರುಳಿನ ಇ-ಕೋಲಿ ಇಪ್ಪತ್ತು ನಿಮಿಷಕ್ಕೆ ಎರಡಾದರೆ ಇದು ಎರಡಾಗೋಕೆ ಇಪ್ಪತ್ತು ಗಂಟೆಯಷ್ಟು ಹಿಡಿಯುತ್ತೆ. ಕೆಲವು ಸುಮ್ಮನೆ ಮಲಗಿಬಿಡ್ತಾವೆ, ಔಷಧಿಗೆ ಬೇಗ ಸಿಗೋದಿಲ್ಲ. ಅದಕ್ಕೇ ಆರು ತಿಂಗಳ ಮಾತ್ರೆ. ಅರ್ಧಕ್ಕೆ ಬಿಟ್ಟರೆ ಉಳಿದವು ಮತ್ತೆ ಏಳ್ತಾವೆ. ಮಾವನಲ್ಲೂ ಎದ್ದವು. ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಅವನು ಹೋದ.

ಕಾಯಿಲೆ ಅಂದ್ರೆ ಯಾವುದೋ ತಪ್ಪಿಗೆ ಶಿಕ್ಷೆ ಅನ್ನೋದು ನಮ್ಮಲ್ಲಿ ಹಳೇ ನಂಬಿಕೆ. ಚಂದ್ರನಿಗೂ ಕ್ಷಯ ಬಂದದ್ದು ಹಾಗೇ ಅಲ್ವಾ? ಇಪ್ಪತ್ತೇಳು ಹೆಂಡಿರಲ್ಲಿ ರೋಹಿಣಿಯೊಬ್ಬಳನ್ನೇ ಹಚ್ಚಿಕೊಂಡ ಅಂತ ಮಾವ ದಕ್ಷ ಶಾಪ ಕೊಟ್ಟ. ಆದ್ರೆ ಕಥೆಯಲ್ಲಿ ಚಂದ್ರನಿಗೆ ಮತ್ತೆ ಬೆಳೆಯೋಕೆ ಹದಿನೈದು ದಿನವಾದ್ರೂ ಸಿಕ್ತು. ಊರಿನಲ್ಲಿ ಅಷ್ಟೂ ಸಿಗಲ್ಲ.

ದೂರ ಇಡೋದರಿಂದ ಉಳಿದವರಿಗಾದ್ರೂ ರಕ್ಷಣೆ ಆಗ್ತಿತ್ತಾ? ಇದಕ್ಕೆ ಉತ್ತರ ಮದ್ರಾಸಿನಲ್ಲಿ ಸಿಕ್ಕಿ ಎಷ್ಟೋ ವರ್ಷ ಆಯ್ತು. 1956ರಲ್ಲಿ ಅಲ್ಲಿ ಶುರುವಾದ ಕ್ಷಯ ಚಿಕಿತ್ಸಾ ಕೇಂದ್ರದಲ್ಲಿ ರೋಗಿಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಸ್ಯಾನಟೋರಿಯಂನಲ್ಲಿ ವಿಶ್ರಾಂತಿ, ಒಳ್ಳೆ ಊಟ, ಮಾತ್ರೆ. ಇನ್ನೊಂದು ಗುಂಪು ತಮ್ಮ ಇಕ್ಕಟ್ಟಾದ ಬಡ ಮನೆಗಳಲ್ಲೇ ಇದ್ದು ಅದೇ ಮಾತ್ರೆ ತಗೊಂಡಿತು. 1959ರಲ್ಲಿ ಫಲಿತಾಂಶ ಪ್ರಕಟವಾಯಿತು. ಮನೆಯಲ್ಲಿದ್ದವರೂ ಹೆಚ್ಚುಕಡಿಮೆ ಅಷ್ಟೇ ಚೆನ್ನಾಗಿ ಗುಣವಾಗಿದ್ದರು. ಮುಖ್ಯವಾದ ಮಾತು ಅಂದ್ರೆ, ಅವರ ಮನೆಯವರಿಗೆ ಅದರಿಂದ ಹೆಚ್ಚಿನ ಅಪಾಯ ಆಗಿರಲಿಲ್ಲ. ಯಾಕಂದ್ರೆ ಮನೆಯವರಿಗೆ ಸೋಂಕು ತಗಲೋದು ಬಹುಪಾಲು ಕಾಯಿಲೆ ಪತ್ತೆಯಾಗೋ ಮೊದಲೇ. ಸರಿಯಾದ ಮಾತ್ರೆ ಶುರುವಾದ ಕೆಲವೇ ವಾರಗಳಲ್ಲಿ ಹರಡೋ ಶಕ್ತಿ ಕುಸಿದುಬಿಡುತ್ತೆ.

ಅಂದ್ರೆ ನಾವು ದೂರ ಇಡೋ ಹೊತ್ತಿಗೆ ದೂರ ಇಡಬೇಕಾದ ಕಾಲ ಹೆಚ್ಚಾಗಿ ಕಳೆದುಹೋಗಿರುತ್ತೆ. ನನ್ನ ರೂಮ್‌ಮೇಟ್ ನನ್ನ ಜೊತೆ ಒಂದೇ ತಟ್ಟೆಯಲ್ಲಿ ಚಿತ್ರಾನ್ನ ತಿಂದ ಆ ಐದು ವಾರ ನಾನು ಅಪಾಯಕಾರಿಯಾಗಿದ್ದೆ. ಅವನು ಹಾಸಿಗೆ ಸುತ್ತಿಕೊಂಡ ದಿನ ಆ ಅಪಾಯ ಬಹುಪಾಲು ಇಳಿದಿತ್ತು. ಅವನು ಹೋದದ್ದಕ್ಕೆ ನನಗೆ ಸಿಟ್ಟಿಲ್ಲ. ಅವನು ಹೋದದ್ದು ಟಿಬಿಗೋ ಅಥವಾ ಹತ್ತೊಂಬತ್ತು ದಿನದ ಸುಳ್ಳಿಗೋ, ಅದು ಅವನಿಗೇ ಗೊತ್ತು.

ನಮ್ಮ ಕೆಲಸದಲ್ಲಿ ಒಂದು ಪದ್ಧತಿ ಇದೆ. ರಾತ್ರಿ ಸರ್ವರ್ ಬಿದ್ದರೆ ಬೆಳಿಗ್ಗೆ ಎಲ್ಲ ಕೂತು ಏನಾಯ್ತು ಅಂತ ಬರೀತೀವಿ. ಯಾರು ಮಾಡಿದ್ರು ಅಂತ ಬೈಯೋ ಹಾಗಿಲ್ಲ. ಇದೇನು ದೊಡ್ಡ ಕರುಣೆಯಿಂದ ಮಾಡಿದ ನಿಯಮ ಅಲ್ಲ. ಬೈದರೆ ಮುಂದಿನ ಸಲ ಹುಡುಗರು ತಪ್ಪು ಮುಚ್ಚಿಡ್ತಾರೆ, ಸರ್ವರ್ ಇನ್ನೂ ಹೆಚ್ಚು ಹೊತ್ತು ಬಿದ್ದಿರುತ್ತೆ ಅಂತ ಅನುಭವದಿಂದ ಕಲಿತದ್ದು. ಆದ್ರೆ ಬೈಗುಳ ಇಲ್ಲ ಅಂದ್ರೆ ಹೊಣೆ ಇಲ್ಲ ಅಂತ ಅಲ್ಲ. ಗೊತ್ತಾದ ಕೂಡಲೇ ಹೇಳೋದು ಹೊಣೆ. ಕೇಳಿದವರು ಕೂಗಾಡದೆ ಇರೋದೂ ಹೊಣೆ. ಒಂದು ಮುರಿದರೆ ಇನ್ನೊಂದು ನಿಲ್ಲಲ್ಲ.

ಯಾರು ಮೊದಲು ಅಂತ ಕೇಳಿದರೆ, ಆರೋಗ್ಯವಾಗಿ ಇರೋರು ಮೊದಲು ಅಂತೀನಿ. ಅವರ ಹತ್ತಿರ ಕೊಡೋಕೆ ಏನಾದ್ರೂ ಇರುತ್ತೆ, ಜ್ವರದಲ್ಲಿ ಬೆವರ್ತಾ ಇರೋನ ಹತ್ತಿರ ಏನಿದೆ? ಹೇಳಿಕೊಂಡವನನ್ನು ಹೊರಗೆ ಹಾಕೋ ಮನೆ, ಮುಂದಿನ ರೋಗಿಗೆ ಬಾಯಿ ಮುಚ್ಚಿಕೋ ಅಂತ ಕಲಿಸುತ್ತೆ. ಅವನು ಮುಚ್ಚಿಕೊಂಡ ಅಷ್ಟೂ ವಾರ ರೋಗ ಹರಡುತ್ತೆ. ಆ ಲೆಕ್ಕದಲ್ಲಿ ರೋಗ ದಾಟಿಸೋದರಲ್ಲಿ ಲೋಟ ಬೇರೆ ಇಟ್ಟವರಿಗೂ ಒಂದು ಪಾಲಿದೆ.

ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಡಾ. ಮಾಧವಿ ಭಾರ್ಗವ ಅವರು ಜಾರ್ಖಂಡಿನಲ್ಲಿ ನಡೆಸಿದ ಒಂದು ಅಧ್ಯಯನ 2023ರಲ್ಲಿ ಪ್ರಕಟವಾಯ್ತು. ಕ್ಷಯ ಇರುವವರ ಮನೆಮಂದಿಗೆಲ್ಲ ತಿಂಗಳು ತಿಂಗಳು ಅಕ್ಕಿ, ಬೇಳೆ, ವಿಟಮಿನ್ ಮಾತ್ರೆ ಕೊಟ್ಟರು. ಹಾಗೆ ಕೊಟ್ಟ ಮನೆಗಳಲ್ಲಿ ಹೊಸದಾಗಿ ಕ್ಷಯ ಬರೋದು ಶೇ. 39ರಷ್ಟು ಕಡಿಮೆಯಾಯ್ತು. ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ನಮ್ಮ ಮನೆಯಲ್ಲಿ ಬೇಕಿದ್ದದ್ದು ಇನ್ನೊಂದು ಲೋಟ ಅಲ್ಲ, ಎಲ್ಲರ ತಟ್ಟೆಯಲ್ಲಿ ಇನ್ನೊಂದು ಹಿಡಿ ಬೇಳೆ.

ಅಜ್ಜಿಯ ಮೇಲೆ ಬೇಜಾರಿದೆಯಾ ಅಂದ್ರೆ, ಇಲ್ಲ. ಮನೆ ತುಂಬ ಮಕ್ಕಳಿದ್ದರು, ಅವಳಿಗೆ ಗೊತ್ತಿದ್ದ ದಾರಿ ಅದೊಂದೇ. ಎಲ್ಲರೂ ಮಲಗಿದ ಮೇಲೆ ಅದೇ ಲೋಟಕ್ಕೆ ಬಿಸಿಹಾಲು ಸುರಿದು, ಮೊಟ್ಟೆ ಒಡೆದು ಹಾಕಿ, ಕೊಟ್ಟಿಗೆ ಕೋಣೆಗೆ ತಾನೇ ತಗೊಂಡು ಹೋಗುತ್ತಿದ್ದದ್ದೂ ಅವಳೇ. ಮೊನ್ನೆ ಊರಿಗೆ ಹೋದಾಗ ನನಗೂ ಟಿಬಿ ಬಂದಿತ್ತು ಅಂತ ಮೊದಲ ಸಲ ಹೇಳಿದೆ. ಬಹಳ ಹೊತ್ತು ನನ್ನ ಕೈ ಹಿಡ್ಕೊಂಡು ಕೂತಿದ್ದಳು. ಆಮೇಲೆ, "ಅವತ್ತೇ ಯಾಕ್ಲಾ ಹೇಳ್ನಿಲ್ಲ?" ಅಂದಳು. ಏನಂತ ಹೇಳಲಿ?

ಎರಡು ವಾರ ಮೀರಿದ ಕೆಮ್ಮಿದ್ದರೆ ಕಫ ಪರೀಕ್ಷೆ ಮಾಡಿಸಿ. ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆಗೂ ಮಾತ್ರೆಗೂ ದುಡ್ಡಿಲ್ಲ. ಇದು ಕೆಮ್ಮೋರಿಗೆ ಹೇಳೋ ಮಾತು. ಉಳಿದವರಿಗೆ ಇನ್ನೊಂದು ಮಾತಿದೆ. ಯಾವತ್ತಾದ್ರೂ ಯಾರಾದ್ರೂ ನಿಮ್ಮ ಹತ್ತಿರ ಬಂದು, ಧೈರ್ಯ ಮಾಡಿ, "ನಂಗೆ ಟಿಬಿ ಇದೆ" ಅಂದ್ರೆ, ಕಿಟಕಿ ತೆಗೆಯಿರಿ, ಪರೀಕ್ಷೆಯನ್ನೂ ಮಾಡಿಸಿಕೊಳ್ಳಿ. ಆದ್ರೆ ಬಾಯಿಂದ ಬರೋ ಮೊದಲ ಮಾತು "ಯಾರಿಂದ ಬಂತು" ಅಂತ ಆಗದೇ ಇರಲಿ. "ಊಟ ಆಯ್ತಾ?" ಅಂತ ಕೇಳಿ. ನಾವು ಹೇಗಿದ್ದರೂ ದಿನಾ ಎಲ್ಲರನ್ನೂ ಕೇಳೋ ಮಾತು ತಾನೇ ಅದು.