ಮಾತೃಭಾಷೆ ಎಂತ ಬರೆಸುವುದು?

ಜನಗಣತಿ ಬರುವ ಹೊತ್ತಿಗೆ ನಮ್ಮ ಕಾಸರಗೋಡಿನ ಕಡೆ ಒಂದು ಮಾತು ಕೇಳುವುದುಂಟು: "ಮನೆಯಲ್ಲಿ ಯಾವ ಭಾಷೆ ಬೇಕಾದರೂ ಮಾತಾಡಿ ಮಾರಾಯ್ರೆ, ಮಾತೃಭಾಷೆ ಮಾತ್ರ ಕನ್ನಡ ಅಂತಲೇ ಬರೆಸಿ." ಹೇಳುವವರ ಉದ್ದೇಶ ಕೆಟ್ಟದಲ್ಲ. 1956ರ ನವೆಂಬರ್ 1ಕ್ಕೆ ನಾವು ಕೇರಳದವರಾದೆವು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರಿಗೆ ಸೇರಬೇಕೆಂದು 1967ರಲ್ಲಿ ಮಹಾಜನ ಆಯೋಗ ಹೇಳಿದ್ದು ಕಡತದಲ್ಲೇ ಉಳಿಯಿತು. ಅಲ್ಪಸಂಖ್ಯಾತರಿಗೆ ಎಲ್ಲವೂ ಲೆಕ್ಕದ ಮೇಲೆ. ಶಾಲೆಯಲ್ಲಿ 40 ಮಕ್ಕಳೋ ತರಗತಿಯಲ್ಲಿ 10 ಮಕ್ಕಳೋ ಇದ್ದರೆ ಅವರ ಭಾಷೆಯಲ್ಲಿ ಪ್ರಾಥಮಿಕ ಪಾಠ ಎಂಬ ಸೂತ್ರ 1949ರಿಂದಲೇ ಇದೆ. ತಲೆ ಎಣಿಸುವ ಕಡೆ ತಲೆ ಕಡಿಮೆಯಾದರೆ ಕಷ್ಟವೇ.

ಆದರೆ ಕನ್ನಡ ಶಾಲೆಯ ಒಂದು ಬೆಂಚು ನೋಡಿ. ಒಬ್ಬನ ಮನೆಯಲ್ಲಿ ತುಳು, ಒಬ್ಬಳದ್ದು ಕೊಂಕಣಿ, ಮತ್ತೊಬ್ಬನದ್ದು ಬ್ಯಾರಿ, ಆಚೆಯವನದ್ದು ಮರಾಟಿ. ಕನ್ನಡ ಇವರಿಗೆ ಓದಿನ, ಕಾಗದಪತ್ರದ, ತಾಳಮದ್ದಳೆಯ ಭಾಷೆ. ಅದೇನು ಸಣ್ಣ ಸಂಬಂಧವಲ್ಲ. ಕನ್ನಡಕ್ಕಾಗಿ ಹೋರಾಡಿದ ಕಯ್ಯಾರ ಕಿಞ್ಞಣ್ಣ ರೈಗಳು ತುಳುವಿನಲ್ಲೂ ಕವಿತೆ ಬರೆದರು.

ಹಾಗಾದರೆ ತುಳು ಮನೆಯವರು ಎಂತ ಬರೆಸುವುದು? ಗಣತಿಯಲ್ಲಿ ಮಾತೃಭಾಷೆ ಎಂದರೆ ಬಾಲ್ಯದಲ್ಲಿ ತಾಯಿ ನಮ್ಮೊಡನೆ ಆಡಿದ ಮಾತು. ಗೊತ್ತಿರುವ ಬೇರೆ ಎರಡು ಭಾಷೆಗಳಿಗೂ ಅದರಲ್ಲಿ ಜಾಗ ಉಂಟು. ಕನ್ನಡವನ್ನು ಅಲ್ಲಿ ಬರೆಸಬಹುದು. "ಆ ಎರಡನೇ ಜಾಗದ ಲೆಕ್ಕವನ್ನು ಯಾರು ನೋಡ್ತಾರೆ?" ಎಂದು ಸ್ನೇಹಿತರು ಕೇಳುತ್ತಾರೆ. ಸುಮ್ಮನೆ ತಳ್ಳಿಹಾಕುವ ಮಾತಲ್ಲ. ಆದರೂ ನನಗೆ ಒಪ್ಪಿಗೆಯಾಗುವುದಿಲ್ಲ. ಮಗುವನ್ನು ಶಾಲೆಗೆ ಸೇರಿಸುವಾಗ ಕನ್ನಡ ಬೇಕೆನ್ನುವುದು ಕೋರಿಕೆ. ಹೆತ್ತವರು ಹೇಳಿದ ಭಾಷೆಯನ್ನೇ ಒಪ್ಪಬೇಕೆಂದು ಆ 1949ರ ಸೂತ್ರವೇ ಹೇಳುತ್ತದೆ. ಗಣತಿಯಲ್ಲಿ ಹೇಳುವುದು ಸಾಕ್ಷಿ. ಕೋರಿಕೆಯನ್ನು ಎಷ್ಟು ಗಟ್ಟಿಯಾಗಿ ಬೇಕಾದರೂ ಹೇಳೋಣ. ತಲೆಮಾರುಗಳಿಂದ ಓದಿ ಬರೆದು ಬಂದ ಭಾಷೆಗೂ ಹಕ್ಕು ಉಂಟೆಂದು ಸರಕಾರದೊಡನೆ ವಾದಿಸೋಣ. ಅದು ಉದ್ದದ ದಾರಿ ಹೌದು. ಆದರೆ ತುಳುವಿನ ಲೆಕ್ಕ ಕಡಿಮೆ ಮಾಡಿ ಕನ್ನಡದ ಲೆಕ್ಕ ಹೆಚ್ಚಿಸಿದರೆ, ಸಂವಿಧಾನದ ಎಂಟನೇ ಪರಿಚ್ಛೇದಕ್ಕೆ ಇನ್ನೂ ಸೇರದ ಆ ಭಾಷೆಗೆ ನಾವೇ ಅಡ್ಡ ನಿಂತ ಹಾಗೆ.

ತುಳುವರಾದರೂ ಗಟ್ಟಿಯಾಗಿ ಮಾತಾಡಿಯಾರು. ನನಗೆ ಹೆಚ್ಚು ಕಾಡುವುದು ಕೊರಗರ ವಿಷಯ. ಬುಟ್ಟಿ ಹೆಣೆಯುವ ಆ ಜನಕ್ಕೆ ತಮ್ಮದೇ ಭಾಷೆ ಇದೆ. ಅದು ತುಳುವೂ ಅಲ್ಲ, ಕನ್ನಡವೂ ಅಲ್ಲ. ಆ ಮಾತನ್ನಾಡುವ ಮನೆಯಿಂದ ಬಂದ ಮಗುವಿಗೆ ಮಲಯಾಳ ಶಾಲೆ ಎಷ್ಟು ಪರಕೀಯವೋ ಕನ್ನಡ ಶಾಲೆಯೂ ಮೊದಲ ದಿನ ಅಷ್ಟೇ. ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಪಾಠ ಸಿಗಬೇಕೆಂಬ 350ಎ ವಿಧಿಯನ್ನು ತಿರುವನಂತಪುರದ ಮುಂದೆ ಎಷ್ಟೋ ಸಲ ಓದಿದ ನಾವು, ಈ ಮಗುವಿನ ಮುಂದೆ ಅದನ್ನು ಓದಿದ್ದು ಕಡಿಮೆ. ಅವರನ್ನು ನಮ್ಮ ಲೆಕ್ಕಕ್ಕೆ ಸೇರಿಸಿಕೊಂಡು, ಅವರ ಮಾತಿಗೆ ನಾವು ಕೊಟ್ಟದ್ದೇನು?

ಗಣತಿಯವರು ಆ ಮನೆಗೆ ಹೋದಾಗ ಜೊತೆಗೆ ನಿಂತು "ಕನ್ನಡ ಅಂತ ಬರ್ಕೊಳ್ಳಿ" ಎಂದು ನಾವು ಹೇಳುವುದು ಬೇಡ. ಮನೆಯ ಹೆಂಗಸೇ ಹೇಳಲಿ, ಅದನ್ನೇ ಬರೆಯಲಿ.