ಕೆಸುವಿಲ್ಲದ ಊರಿನಲ್ಲಿ ಪತ್ರೊಡೆ

ಆಟಿ ತಿಂಗಳ ಮಳೆಗೆ ತುಳುನಾಡಿನ ಬೆಳ್ಮಣ್ಣಿನ ತೋಟದಂಚಿನಲ್ಲೆಲ್ಲ ಕೆಸು ಎಲೆ ಬಿಚ್ಚುತ್ತದೆ, ಮನೆಮನೆಯಲ್ಲಿ ಪತ್ರೊಡೆಯಾಗುತ್ತದೆ. ಈ ಕಡೆಯಿಂದ ಕೊಲ್ಲಿ ದೇಶಗಳಿಗೆ, ಯುರೋಪಿಗೆ ಹೋದವರಿಗೆ ಆ ಎಲೆ ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಇಲ್ಲ. ಆಗ ಪಾಲಕ್ಕೋ ಎಲೆಕೋಸೋ ಅದರ ಜಾಗಕ್ಕೆ ಬರುತ್ತದೆ. ಇದರ ಅಳತೆಗೆ ಹೆಚ್ಚಾಗಿ ಕಣ್ಣಂದಾಜೇ ಗತಿ. ಹಾಗೆ ಮಾಡಿದ್ದನ್ನು ಪತ್ರೊಡೆ ಎನ್ನಬಹುದೇ? ನಾಲಗೆಗೆ ಸಂಬಂಧಿಸಿದ್ದೆಂದು ತೋರುವ ಈ ಪ್ರಶ್ನೆ ಮೂಲದಲ್ಲಿ ಧರ್ಮದ ಪ್ರಶ್ನೆ. ಪರಂಪರೆ ಉಳಿಯುವುದು ವಸ್ತುವಿನಲ್ಲೋ, ಬರೆದ ವಿಧಿಯಲ್ಲೋ, ಅರಿವಿನಲ್ಲೋ? ಅರಿವಿನಲ್ಲಿ ಎಂಬುದು ನನ್ನ ನಿಲುವು.

ವಿಧಿಯನ್ನೇ ಉಸಿರಾಗಿಸಿಕೊಂಡ ಶಾಸ್ತ್ರವೂ ಈ ಪ್ರಶ್ನೆಯನ್ನು ಎದುರಿಸಿದೆ. ಜೈಮಿನಿಯ ಮೀಮಾಂಸಾಸೂತ್ರದ 6ನೇ ಅಧ್ಯಾಯದಲ್ಲಿ ‘ಪ್ರತಿನಿಧಿ’ಯ, ಅಂದರೆ ಬದಲಿ ವಸ್ತುವಿನ, ವಿಚಾರ ಬರುತ್ತದೆ. ಯಾಗಕ್ಕೆ ಹೇಳಿದ ಭತ್ತ ಸಿಗದಿದ್ದರೆ ಅದನ್ನು ಹೋಲುವ ನೀವಾರ, ಅಂದರೆ ಕಾಡುಭತ್ತ, ಆದೀತು, ಕೆಲಸ ನಿಲ್ಲಬಾರದು. ದೇವತೆ, ಅಗ್ನಿ, ಮಂತ್ರ, ಕ್ರಿಯೆ ಇವುಗಳಿಗೆ ಮಾತ್ರ ಪ್ರತಿನಿಧಿ ಇಲ್ಲ. ಉಡುಪಿ ಕೃಷ್ಣಮಠದ ಚಾತುರ್ಮಾಸ್ಯದಲ್ಲೂ ಇದೇ ವಿವೇಕ ಕಾಣುತ್ತದೆ. ಮೊದಲ ತಿಂಗಳು ತರಕಾರಿ, ಆಮೇಲೆ ಮೊಸರು, ಹಾಲು, ಕೊನೆಗೆ ದ್ವಿದಳ ಧಾನ್ಯ, ಹೀಗೆ ಒಂದೊಂದೇ ವರ್ಜ್ಯ. ಮೊದಲ ತಿಂಗಳ ಶಾಕವ್ರತದಲ್ಲಿ ಹಸಿ, ಒಣ ಮೆಣಸಿನಕಾಯಿಯ ಖಾರವನ್ನು ಒಳ್ಳೆಮೆಣಸು, ಹುಣಿಸೆಯ ಹುಳಿಯನ್ನು ಮಾವು ಕೊಡುತ್ತದೆ. ಯಾವುದು ಬೇಡವೆಂದು ನಿಯಮ ಹೇಳುತ್ತದೆ. ಇದ್ದುದರಲ್ಲಿ ರುಚಿ ಕಟ್ಟುವ ಹೊಣೆ ಅಡುಗೆಯವರದು.

ಹಾಗಾದರೆ ಯಾವುದರ ಬದಲಿಗೆ ಯಾವುದನ್ನು ಹಾಕಿದರೂ ನಡೆದೀತೇ ಎಂದು ಕೇಳಬಹುದು. ನಡೆಯದು. ಹೋಲಿಕೆ ಗುರುತಿಸಲು ಕಾರಣ ಗೊತ್ತಿರಬೇಕು. ಕೆಸುವಿನ ಎಲೆಯಲ್ಲಿ ಸೂಜಿಯಂಥ ಹರಳುಗಳಿರುವುದರಿಂದ ಗಂಟಲು ತುರಿಸುತ್ತದೆ. ಪತ್ರೊಡೆಯ ಹಿಟ್ಟಿಗೆ ಹುಣಿಸೆಹುಳಿ ಹೆಚ್ಚಾಗಿ ಬೀಳುವುದು ರುಚಿಗಷ್ಟೇ ಅಲ್ಲ, ಆ ತುರಿಕೆ ಅಡಗಲಿ ಎಂದೂ ಹೌದು. ಇದನ್ನು ಬಲ್ಲವರು ಪಾಲಕ್ ಹಿಡಿದಾಗ ಹುಳಿ ತಗ್ಗಿಸುತ್ತಾರೆ, ಎಲೆ ತೆಳುವೆಂದು ಹಿಟ್ಟನ್ನೂ ತೆಳ್ಳಗೆ ಸವರುತ್ತಾರೆ. ಪುಸ್ತಕವನ್ನೇ ನಂಬಿದವರು ಅಷ್ಟೇ ಹುಳಿ ಹಾಕಿ ಕೆಡಿಸುತ್ತಾರೆ. ಆದರೆ ನೆನೆದ ಅಕ್ಕಿ ಅರೆದು, ಎಲೆಗೆ ಸವರಿ, ಸುರುಳಿ ಸುತ್ತಿ, ಹಬೆಯಲ್ಲಿ ಬೇಯಿಸುವ ಕ್ರಿಯೆಗೆ ಬದಲಿಯಿಲ್ಲ. ಅದು ಬಿಟ್ಟುಹೋದರೆ ತಟ್ಟೆಯಲ್ಲಿರುವುದು ಬೇರೆ ತಿಂಡಿ.

ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು. ಬರೆದಿಡದಿದ್ದರೆ ಪರದೇಶದಲ್ಲಿ ಹುಟ್ಟಿದ ಮಕ್ಕಳಿಗೆ ಇದೆಲ್ಲ ದಾಟುವುದು ಹೇಗೆ? ಅಜ್ಜಿಯ ಕೈ ನೋಡಿ ಕಲಿಯುವ ಭಾಗ್ಯ ಅವರಿಗಿಲ್ಲ ಎಂಬುದು ನಿಜ. ಆದ್ದರಿಂದ ಬರೆಯಲೇಬೇಕು. ಆದರೆ ‘ನಿಂಬೆ ಗಾತ್ರದ ಹುಣಿಸೆ’ ಎಂದು ನಿಲ್ಲಿಸದೆ ‘ತುರಿಕೆ ಹೋಗಲು’ ಎಂದೂ ಸೇರಿಸಬೇಕು. ಅಳತೆ ಒಂದು ಊರಿನ ಎಲೆಗೆ, ಒಂದು ಒಲೆಗೆ ಹೊಂದುತ್ತದೆ. ಕಾರಣ ಎಲ್ಲಿಗೆ ಹೋದರೂ ಜೊತೆಗೆ ಬರುತ್ತದೆ.

ಇಷ್ಟೆಲ್ಲ ಹೇಳಿದರೂ ನಷ್ಟವನ್ನು ಮುಚ್ಚಿಡಬಾರದು. ಲೋಟದಲ್ಲಿ ಬೇಯಿಸಿದ ಕಡುಬಿಗೆ ಹಲಸಿನ ಎಲೆಯ ಕೊಟ್ಟೆಯ ಪರಿಮಳ ಬಾರದು. ಪ್ರತಿನಿಧಿಗೆ ಅವಕಾಶ ಮುಖ್ಯ ವಸ್ತು ಸಿಗದಾಗ ಮಾತ್ರ, ಅದು ಮುಖ್ಯದ ಪಟ್ಟಕ್ಕೆ ಏರುವುದಿಲ್ಲ. ಪಾಲಕ್ಕಿನ ಪತ್ರೊಡೆ ಕೆಸುವನ್ನು ಮರೆಸಲು ಹುಟ್ಟಿದ್ದಲ್ಲ, ನೆನಪಿನಲ್ಲಿಡಲು ಹುಟ್ಟಿದ್ದು. ಅದನ್ನು ತಿಂದು ಬೆಳೆದ ಮಗು ಒಂದು ಆಟಿಯಲ್ಲಿ ಊರಿಗೆ ಬಂದು ತೋಟದಂಚಿನ ಕೆಸುವನ್ನು ಕಂಡಾಗ, ಅದಕ್ಕೆ ಹುಳಿ ಏಕೆ ಹೆಚ್ಚು ಬೇಕೆಂದು ಯಾರೂ ಹೇಳಿಕೊಡಬೇಕಾಗಿಲ್ಲ.